ಹತ್ತರಲ್ಲಿ ಒಂದು ಎಂದಿದ್ದೆ

ತಂಗೀ ಪದ್ಮಾ, ಆಂಧ್ರದ ಕಡಲ ದಡದ ನಿಮ್ಮೂರಿಗೆ ಸಮುದ್ರದ ನೀರು ನುಗ್ಗುವ ಸಾಧ್ಯತೆ ಹತ್ತರಲ್ಲಿ ಒಂದು ಎಂದು ಅವತ್ತು ನಾನು ಹೇಳಿದ್ದು ಸುಳ್ಳು. ನನ್ನೆದುರಿನ ಕಂಪ್ಯೂಟರಿನಲ್ಲಿ ಇದ್ದದ್ದು ಹತ್ತರಲ್ಲಿ ನಾಲ್ಕು.

ನಾಲ್ಕೋ, ಮೂರೋ — ಈಗ ಖಚಿತವಿಲ್ಲ. ನೆನಪನ್ನು ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ತಪ್ಪು ಮಾಡಿದವನ ನೆನಪನ್ನಂತೂ... ಇಷ್ಟು ವರ್ಷಗಳಲ್ಲಿ ಅದು ಅಂಕಿಯನ್ನು ತಾನೇ ಏರಿಸಿಕೊಂಡಿರಬಹುದು. ಆದರೆ ಒಂದಂತೂ ಅಲ್ಲ.

ಚಂಡಮಾರುತ ನೀರನ್ನು ದಡದ ಮೇಲೆ ಎಷ್ಟೆತ್ತರ ದೂಡೀತು ಎಂದು ಅಂದಾಜು ಮಾಡುವುದು ನನ್ನ ಕೆಲಸ — ಚಿನ್ನದ ಗಣಿಯ ಸೈನೈಡ್ ಮಣ್ಣು ಗುಡ್ಡವಾಗಿ ಬಿದ್ದಿರುವ ರಾಬರ್ಟ್‌ಸನ್‌ಪೇಟೆಯ ಈ ಎರಡು ಕೋಣೆಯ ಮನೆಯಲ್ಲಿ ಕೂತು, ವಿಮಾ ಕಂಪನಿಯೊಂದಕ್ಕೆ. ನಿಮ್ಮತ್ತೆ ಇಲ್ಲಿಗೆ ಬಂದಾಗ ಬಾಗಿಲಲ್ಲೇ ನಕ್ಕಿದ್ದರು: “ಏಮಯ್ಯಾ, ಈ ಸೈನೈಡ್ ಗುಡ್ಡದ ಪಕ್ಕ ಕೂತ್ಕಂಡು ನಮ್ ಸಮುದ್ರಕ್ಕೆ ಜಾತಕ ಬರೀತೀಯಾ?” ಮಂಡಿನೋವಿನ ಮುದುಕಿ. ಇಡೀ ದಿನ ಟೀವಿ, ಇಡೀ ದಿನ ಮಾತು. ಅವರು ಊರಿಗೆ ಹೊರಟ ಮೇಲೆ ಬಾಗಿಲು ಹಾಕಿಕೊಂಡು ಉಸ್ಸೆಂದಿದ್ದೆ.

ಅದಾದ ಮೇಲೆ ಆ ಚಂಡಮಾರುತ ಎದ್ದಿತು. ನೀನು ಫೋನ್ ಮಾಡಿದೆ.

“ಅಣ್ಣ, ನೀರು ಬತ್ತದಾ, ಇಲ್ವಾ? ಬತ್ತದೆ ಅಂದ್ರೆ ಈಗ್ಲೇ ಬಂಗಾರಪೇಟೆ ಟ್ರೇನ್ ಹತ್ಕಂಡು ಎಲ್ರೂ ನಿನ್ ಮನೆಗೇ ಬತ್ತೀವಿ. ನಮ್ಮತ್ತೆ ನನ್ ಮಾತು ಕೇಳಲ್ಲ. ನೀನಂದ್ರೆ ಎದ್ದು ಬತ್ತಾಳೆ.”

ಗಾಳಿ ದಡ ಮುಟ್ಟುವ ಹೊತ್ತಿಗೇ ಅಮಾವಾಸ್ಯೆಯ ಉಬ್ಬರವೂ ಇತ್ತು. ಉಬ್ಬರ ಸೇರಿಸಿದ ನಿಜವಾದ ಅಂಕಿ, ಸೇರಿಸದಿದ್ದರೆ ಬರುವ ಬರೀ ಒಂದು — ಎರಡೂ ನನ್ನ ಕಣ್ಣೆದುರು ಇದ್ದವು. ಅದೇ ಕ್ಷಣ ಆ ಟೀವಿ, ಆ ಮಾತು ನೆನಪಾದವು.

“ಹತ್ತರಲ್ಲಿ ಒಂದು ಪಾಲು ಅಷ್ಟೇ ಕಣಮ್ಮ. ಇಷ್ಟಕ್ಕೆಲ್ಲ ಯಾಕೆ ಓಡಿ ಬರ್ತೀರಾ?”

“ಅಂಗಾದ್ರೆ ಬಿಡು,” ಅಂದೆ ನೀನು. ಎಷ್ಟು ನೆಮ್ಮದಿಯಿತ್ತು ಆ ದನಿಯಲ್ಲಿ...

ನೀರು ಬಂತು. ನೀವೆಲ್ಲ ಪಕ್ಕದ ಮನೆಯ ಮಹಡಿ ಹತ್ತಿದಿರಿ. ನಿಮ್ಮತ್ತೆಗೆ ಹತ್ತಲಾಗಲಿಲ್ಲ.

ತಿಥಿಗೆ ಬಂದಾಗ ಬೈಸಿಕೊಳ್ಳಲು ಸಿದ್ಧನಾಗಿದ್ದೆ. ನೀನು ನೆಂಟರೆದುರು ನನ್ನ ಕೈ ಹಿಡಿದು, “ನಮ್ಮಣ್ಣ ಸರಿಯಾಗೇ ಹೇಳಿದ್ದ. ಆ ಒಂದು ನಮ್ ಹಣೇಲೇ ಬರ್ದಿತ್ತು,” ಅಂದೆ. ಸಾಧ್ಯತೆಯ ಲೆಕ್ಕ ಹೇಳುವವನಿಗೆ ಇರುವ ಅನುಕೂಲ ಇದೇ — ನೀರು ಬಂದರೂ ಬಾರದಿದ್ದರೂ ಅವನ ಮಾತು ಸುಳ್ಳಾಗುವುದಿಲ್ಲ. ಎಲ್ಲರ ಮಾತನ್ನೂ ಅನುಮಾನಿಸುತ್ತ ಬಂದ ನಾನು ಅಂದು ನಿನ್ನ ನಂಬಿಕೆಯ ಹಿಂದೆ ಅಡಗಿ ನಿಂತೆ. ಹೌದೆಂದು ತಲೆಯಾಡಿಸಿದೆನೋ ಏನೋ — ಅದೂ ನೆನಪಿಲ್ಲ.

ಆಮೇಲೆ ಈ ಮನೆಗೆ ಯಾರನ್ನೂ ಕರೆದಿಲ್ಲ. ಆಕಾಶ ಕಪ್ಪಿಟ್ಟಾಗಲೆಲ್ಲ ನೀನು ಈಗಲೂ ನನ್ನನ್ನೇ ಕೇಳುತ್ತೀಯ. ಸರ್ಕಾರದ ಎಚ್ಚರಿಕೆ ನೋಡಮ್ಮ ಎಂದು ಫೋನ್ ಇಡುತ್ತೇನೆ. ಅಣ್ಣನಿಗೆ ಬೇಜಾರಿರಬೇಕು ಎಂದುಕೊಳ್ಳುತ್ತೀಯೇನೋ.

ನಾಳೆ ಬಂಗಾರಪೇಟೆಯಲ್ಲಿ ರೈಲು ಹತ್ತುತ್ತೇನೆ. ಇದನ್ನು ನಿನ್ನೆದುರು, ನಿನ್ನ ಗಂಡನೆದುರು ಕೂತು ಬಾಯಿಬಿಟ್ಟು ಹೇಳಬೇಕು. ನಿಮ್ಮತ್ತೆಯನ್ನು ಅಲ್ಲೇ ಉಳಿಸಿದ್ದು ಹಣೆಬರಹವಲ್ಲ. ಒಬ್ಬನೇ ಇರಬೇಕೆಂಬ ನನ್ನ ಆಸೆ. ಅದಾದ ಮೇಲೆ ನನ್ನನ್ನು ಅಣ್ಣ ಅನ್ನುವುದೋ ಬಿಡುವುದೋ, ನಿನಗೆ ಬಿಟ್ಟದ್ದು.