‘ಠ’ದೊಳಗಿನ ಚುಕ್ಕೆ

ನನ್ನ ಕಣ್ಣುಗುಡ್ಡೆಗಳು ಹುಟ್ಟಿದಾಗಿನಿಂದ ಒಂದೆಡೆ ನಿಂತಿಲ್ಲ. ಎಡಕ್ಕೂ ಬಲಕ್ಕೂ ಸಣ್ಣಗೆ ಅಲುಗುತ್ತಲೇ ಇರುತ್ತವೆ. ಎರಡೂ ಕಣ್ಣು ತೆರೆದು, ಮುಖವನ್ನು ಬಲಕ್ಕೆ ತಿರುಗಿಸಿ, ಎಡಮೂಲೆಯಿಂದ ನೋಡಿದರೆ ಮಾತ್ರ ಹೆಚ್ಚುಕಡಿಮೆ ಸುಮ್ಮನಾಗುತ್ತವೆ. ಆಗ ನನಗೆ ಎಲ್ಲರಂತೆ ಕಾಣುತ್ತದೆ. ಎಲ್ಲರಿಗೆ ಹೇಗೆ ಕಾಣುತ್ತದೆಂದು ನನಗೆ ಗೊತ್ತಿಲ್ಲ, ಅದು ಬೇರೆ ಮಾತು. ಒಂದು ಕಣ್ಣು ಮುಚ್ಚಿದೆನೋ, ಇನ್ನೊಂದು ಹುಚ್ಚೆದ್ದು ಕುಣಿಯುತ್ತದೆ; ಅಕ್ಷರಗಳೆಲ್ಲ ಕದಡಿಹೋಗುತ್ತವೆ. ಇಷ್ಟೇ ನನ್ನ ತೊಂದರೆ. ಇಲ್ಲಿ ಇಷ್ಟು ಸಲೀಸಾಗಿ ಬರೆದೆ. ಡಾಕ್ಟರ ಮುಂದೆ ಕೂತು ಕೊನೆಯವರೆಗೆ ಹೇಳಿ ಮುಗಿಸಲು ಒಂದು ಸಲವೂ ಆಗಲಿಲ್ಲ.

ಏಕೆಂದರೆ ಅವರು ಮೊದಲು ಮಾಡುವ ಕೆಲಸವೇ ಒಂದು ಕಣ್ಣು ಮುಚ್ಚಿಸುವುದು. ನ್ಯಾಮತಿಯಲ್ಲಿ ಶಾಲೆಗೆ ಹೋಗುತ್ತಿದ್ದಾಗ ಅಪ್ಪ ಹೊನ್ನಾಳಿಯ ಡಾಕ್ಟರಲ್ಲಿಗೆ ಕರೆದೊಯ್ದಿದ್ದರು. ಅವರು ಗದ್ದ ಹಿಡಿದು ಮುಖವನ್ನು ನೆಟ್ಟಗೆ ಮಾಡಿದರು, ನಾನು ಮತ್ತೆ ತಿರುಗಿಸಿದೆ, ಅವರು ಮತ್ತೆ ನೆಟ್ಟಗೆ ಮಾಡಿದರು. ಕೆನ್ನೆಗೆ ಒಂದು ಏಟೂ ಬಿತ್ತೆಂದು ನೆನಪು. ಬಿದ್ದಿರಲಿಕ್ಕಿಲ್ಲ ಎಂದು ಅಪ್ಪ ಆಮೇಲೆ ಹೇಳುತ್ತಿದ್ದರು. ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ, ಅಕ್ಕನನ್ನು ಕೊಟ್ಟಿದ್ದ ಚನ್ನಗಿರಿಯಲ್ಲಿ ಇನ್ನೊಬ್ಬ ಡಾಕ್ಟರು ಸಿಕ್ಕರು. ಪ್ರತಿ ಬೇಸಿಗೆ ರಜೆಗೆ ಅವರಲ್ಲಿಗೆ ಹೋಗುವುದು ಒಂದು ಪದ್ಧತಿಯೇ ಆಯಿತು. ಪ್ರತಿ ಸಲ ಹೊಸ ನಂಬರು, ಹೊಸ ಕನ್ನಡಕ. ಹಾಕಿಕೊಂಡರೆ ಮೊದಲಿನಷ್ಟೇ ಕಾಣುತ್ತಿತ್ತು. ಅಕ್ಕ ಹಳೆಯ ಕನ್ನಡಕಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಗೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಜಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಹಂಗಾಮಿ ಉಪನ್ಯಾಸಕನಾದೆ. ತರಗತಿಯಲ್ಲಿ ನನ್ನ ಎಡಗಡೆ ಹುಡುಗರು, ಬಲಗಡೆ ಹುಡುಗಿಯರು. ನಾನು ಹುಡುಗರನ್ನು ನೋಡಬೇಕಾದರೆ ಮುಖ ಹುಡುಗಿಯರ ಕಡೆ ಇರಲೇಬೇಕು. ಒಂದು ವರ್ಷ ಹೀಗೇ ಪಾಠ ಮಾಡಿದೆ. ಪರೀಕ್ಷೆ ಮುಗಿದ ಮೇಲೆ ಪ್ರಿನ್ಸಿಪಾಲರು ಕರೆದು ಬಾಗಿಲು ಹಾಕಿಕೊಂಡರು.

“ಹುಡುಗರು ದೂರು ಕೊಟ್ಟಾರೆ. ಮೇಷ್ಟ್ರು ನಮ್ಮ ಕಡೆ ತಿರುಗಿ ಸೈತ ನೋಡಲ್ಲ, ಬರೀ ಹುಡುಗೇರಿಗೇ ಪಾಠ ಅಂತ.”

ನಾನು ಕಣ್ಣಿನ ವಿಷಯ ಹೇಳಿದೆ. ಅವರು ಮೇಜಿನಿಂದ ಒಂದು ಫಾರಂ ತೆಗೆದು ಕೊಟ್ಟರು. “ಡಾಕ್ಟರ ಹತ್ರ ಬರೆಸಿಕೊಂಡು ಬರ್ರಿ. ಕಣ್ಣು ಸರಿ ಐತೆ, ಪಾಠಕ್ಕೆ ಅಡ್ಡಿಯಿಲ್ಲ ಅಂತ ಇದ್ರೆ ನಿಮ್ಮನ್ನೇ ಕಾಯಂ ಮಾಡ್ತೀವಿ. ಇಲ್ದಿದ್ರೆ ನನಗೆ ಕಷ್ಟ.”

ಚನ್ನಗಿರಿಯಲ್ಲಿ ಆ ದಿನ ನನ್ನ ಸರದಿ ಬರುವಾಗ ಮಧ್ಯಾಹ್ನವಾಗಿತ್ತು. ಡಾಕ್ಟರು ಫಾರಂ ನೋಡಿ, “ಬಲಗಣ್ಣು ಮುಚ್ಚಿಕೊಳ್ರಿ” ಅಂದರು.

“ಸಾರ್, ಮುಚ್ಚಿದ್ರೆ ಇನ್ನೊಂದು ಕುಣಿಯಾಕೆ ಶುರು ಮಾಡ್ತೈತೆ. ಎರಡೂ ತೆರೆದು ಒಂದ್ಸಲ ಓದ್ತೀನಿ.”

“ಎರಡಕ್ಕೂ ಸೇರಿಸಿ ಬರೆಯಾಕೆ ಇದರಾಗೆ ಖಾನೆ ಎಲ್ಲೈತ್ರೀ ಮೇಷ್ಟ್ರೇ? ಬಲಗಣ್ಣು ಒಂದು, ಎಡಗಣ್ಣು ಒಂದು. ಫಾರಂ ಮಾಡಿದೋರಿಗೆ ಕಣ್ಣು ಬಿಡಿಬಿಡಿಯಾಗೇ ಬೇಕು.”

ಗೋಡೆಯ ಮೇಲಿನ ಅಕ್ಷರಗಳ ಪಟವನ್ನು ಬಿಡಿಬಿಡಿಯಾಗಿ ಓದಿದೆ. ಮೇಲಿನ ಎರಡು ಸಾಲು ದಾಟಲಿಲ್ಲ. ಅವರು ಎರಡು ಖಾನೆಯಲ್ಲೂ ನಂಬರು ಬರೆದು ಪೆನ್ನು ಮುಚ್ಚಿದರು. ಆಗ ನಾನು ಬೇಡಿಕೊಂಡೆ ಎಂದೇ ಹೇಳಬೇಕು. ಅವರು ಗಡಿಯಾರ ನೋಡಿದರು. “ಆಯ್ತು, ಹೆಂಗಾದ್ರೂ ತಿರುಗಿಸಿ ಓದ್ರಿ. ಕೆಳಗಿನಿಂದ ಎರಡನೇ ಸಾಲು. ಅದನ್ನ ಓದಿದ್ರೆ ಫಾರಂ ಕೆಳಗೆ ಪಾಠಕ್ಕೆ ಅಡ್ಡಿಯಿಲ್ಲ ಅಂತ ಒಂದು ಷರಾ ಹಾಕ್ತೀನಿ.”

ನಾನು ಮುಖ ತಿರುಗಿಸಿದೆ. ಕಣ್ಣು ನಿಂತಿತು. ಸಾಲು ನಿಚ್ಚಳವಾಗಿತ್ತು.

“ವ, ಮ, ಠ, ಪ, ಗ.”

“ಮೂರನೇದು?”

“ಠ, ಸಾರ್.”

“ಅದು ರ.” ಅವರು ಪಟದ ಕಡೆ ತಿರುಗಲೇ ಇಲ್ಲ. “ವರ್ಷಗಟ್ಟಲೆಯಿಂದ ಇದನ್ನೇ ತೋರಿಸ್ತಾ ಇದೀನಿ, ನನಗೆ ಗೊತ್ತಿಲ್ವೇ? ವರ್ಷಾ ವರ್ಷಾ ಬಂದು ಬಾಯಿಪಾಠ ಮಾಡ್ಕೊಂಡೀರಿ. ಅದರಾಗೂ ಒಂದು ತಪ್ಪು!”

“ಮೇಷ್ಟ್ರೇ ಕಾಪಿ ಹೊಡೆದ್ರೆ ಹೆಂಗೆ ಸಾರ್?” ಅಂದ ಬಾಗಿಲಲ್ಲಿ ನಿಂತಿದ್ದ ನಡುವಯಸ್ಸಿನ ಕಾಂಪೌಂಡರ್. ಹೊರಗೆ ಬೆಂಚಿನ ಮೇಲಿದ್ದವರೂ ನಕ್ಕರು.

“ನಗೋದು ಬಿಡ್ರಿ,” ಅಂದರು ಡಾಕ್ಟರು, ದನಿ ಸ್ವಲ್ಪ ಮೆತ್ತಗಾಗಿತ್ತು. “ಬಾಯಿಪಾಠ ಇಲ್ಲ, ಕಂಡಿದ್ದನ್ನೇ ಓದಿದೆ ಅಂತ ಹೇಳ್ರಿ. ಬರೆದುಕೊಡ್ತೀನಿ.”

ಇಲ್ಲ ಅನ್ನುವ ಒಂದೇ ಮಾತು ಸಾಕಿತ್ತು. ಆದರೆ ನಾನು ಆ ಪಟದ ಮುಂದೆ ಎಷ್ಟು ಸಲ ಕೂತಿದ್ದೆ! ವ ಆದ ಮೇಲೆ ಮ ಬರುತ್ತದೆಂದು ನನಗೆ ಬಸ್ಸಿನಲ್ಲೇ ಗೊತ್ತಿತ್ತು. ಹಾಗಾದರೆ ಈಗ ಓದಿದ್ದು ಕಣ್ಣೋ, ನೆನಪೋ? ಖಾತ್ರಿಯಿಲ್ಲದ ಅಳತೆಯನ್ನು ಬರೆದುಕೊಳ್ಳಬಾರದೆಂದು ಲ್ಯಾಬಿನಲ್ಲಿ ಕಲಿತವನು ನಾನು.

“ಬಾಯಿಪಾಠ ಇರಬಹುದು ಸಾರ್,” ಅಂದೆ.

ಷರಾ ಬೀಳಲಿಲ್ಲ. ಗೋಡೆಯವರೆಗೆ ನಡೆದು ಹತ್ತಿರದಿಂದ ನೋಡಬಹುದಿತ್ತು. ಎಲ್ಲವನ್ನೂ ಅನುಮಾನಿಸುವ ನನಗೆ ಅದೊಂದು ಹೊಳೆಯಲಿಲ್ಲ.

“ಇಲ್ಲ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?” ಅಂದಳು ಅಕ್ಕ, ಫಾರಂ ಓದಿ. “ನಿನ್ನ ನಾಲಿಗೇನೂ ನಿನ್ನ ಕಣ್ಣಿನ ಹಂಗೇ. ಒಂದ್ಕಡೆ ನಿಲ್ಲಲ್ಲ.” ಬಯ್ಯುತ್ತಲೇ ಅನ್ನ ಬಡಿಸಿದಳು. ಅವಳ ಕಣ್ಣು ತುಂಬಿದ್ದು ಕಂಡಿತು. ಅಥವಾ ಒಲೆಯ ಹೊಗೆಯೋ.

ಜಗಳೂರಿನ ಕೆಲಸ ಬೇರೊಬ್ಬರ ಪಾಲಾಯಿತು. ನಾನು ಹೊನ್ನಾಳಿಯ ಒಂದು ಟ್ಯುಟೋರಿಯಲ್ಲಿನಲ್ಲಿ ಸೇರಿಕೊಂಡೆ. ಅಲ್ಲಿ ಕೋಣೆಯ ಬಲಮೂಲೆಗೆ, ಗೋಡೆಗೆ ಆತು ನಿಂತು ಪಾಠ ಮಾಡುತ್ತಿದ್ದೆ. ಹಾಗೆ ನಿಂತರೆ ಎಲ್ಲರೂ ನನ್ನ ಎಡಗಡೆಗೇ ಬರುತ್ತಾರೆ. ಕತ್ತು ಹೊರಳಿಸಬೇಕಿಲ್ಲ, ದೂರೂ ಇಲ್ಲ. ಇಷ್ಟು ಸುಲಭದ ಉಪಾಯ ಜಗಳೂರಿನಲ್ಲೇ ಹೊಳೆದಿದ್ದರೆ ಎಂದು ಈಗಲೂ ಕೈ ಹಿಸುಕಿಕೊಳ್ಳುತ್ತೇನೆ.

ಎಂಬತ್ತರ ದಶಕದ ನಡುವೆ ಯಾವುದೋ ಬೇಸಿಗೆಯಲ್ಲಿ ಅಕ್ಕನ ಒತ್ತಾಯಕ್ಕೆ ಮತ್ತೆ ಅದೇ ಡಾಕ್ಟರಲ್ಲಿಗೆ ಹೋದೆ. ಒಳಗೆ ಹೊಸ ಪಟ ಬಂದಿತ್ತು. ಹಳೆಯದನ್ನು ಹೊರಗೆ, ಕಾಯುವವರ ಬೆಂಚಿನ ಮೇಲ್ಗಡೆ ನೇತುಹಾಕಿದ್ದರು. ಎದ್ದು ಹತ್ತಿರ ಹೋದೆ. ಕೆಳಗಿನಿಂದ ಎರಡನೇ ಸಾಲು, ಮೂರನೇ ಅಕ್ಷರ. ಅಚ್ಚಾಗಿದ್ದು ರ. ಅದರ ಹೊಟ್ಟೆಯೊಳಗೆ, ಸರಿಯಾಗಿ ನಡುಮಧ್ಯ, ಒಂದು ಕರಿ ಚುಕ್ಕೆ. ನೊಣದ ಹಿಕ್ಕೆ.

ನೆನಪಿನಿಂದ ಓದಿದ್ದರೆ ನಾನು ರ ಎಂದೇ ಓದುತ್ತಿದ್ದೆ. ಕಂಡದ್ದಕ್ಕೇ ಠ ಎಂದಿದ್ದೆ. ಹಾಗಂದುಕೊಳ್ಳುತ್ತಲೇ ಉಗುರಿನಿಂದ ಕೆರೆದೆ, ಅದು ನಿಜವಾಗಿ ಹಿಕ್ಕೆಯೇ ಹೌದೋ ಎಂದು. ಉದುರಿತು. ಡಾಕ್ಟರನ್ನು ಕರೆದು ತೋರಿಸಬೇಕೆಂದು ಹೊಳೆಯುವಷ್ಟರಲ್ಲಿ ಅಲ್ಲಿ ಬರೀ ರ ಉಳಿದಿತ್ತು.

ಆ ಚುಕ್ಕೆ ಅಂದು ಇತ್ತೋ, ಪಟ ಹೊರಗೆ ಬಂದ ಮೇಲೆ ಬಿದ್ದಿತ್ತೋ? ಗೋಡೆಗೆ ಮುಖ ಮಾಡಿ ಉಗುರು ನೋಡಿಕೊಳ್ಳುತ್ತ ನಿಂತಿದ್ದಾಗ ಕಾಂಪೌಂಡರ್ ಪರದೆ ಸರಿಸಿ ಕೂಗಿದ:

“ಬರ್ರಿ ಮೇಷ್ಟ್ರೇ. ಯಾವ ಕಣ್ಣು ಮೊದ್ಲು ಮುಚ್ಕೊಂತೀರಿ?”