ಪಿನಾಂಗ್ ಶಾಲೆಯ ಉಮ್ಮರಾಕ

ಪಾಣೆಮಂಗಳೂರಿನಲ್ಲಿ ಪಿನಾಂಗ್ ಶಾಲೆ ಎಂಬುದೊಂದು ಇತ್ತು ಎಂದು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ‘ಇತ್ತು’ ಎನ್ನಬೇಕಾಗಿ ಬಂತಲ್ಲ ಎಂಬ ಸಿಟ್ಟು. ಯಾರ ಮೇಲೆ ಎಂದು ಕೇಳಿದರೆ ಅರ್ಧ ನನ್ನ ಮೇಲೆಯೇ. ಇಪ್ಪತ್ತಾರು ವರ್ಷ ಅಲ್ಲಿ ಪಾಠ ಹೇಳಿದವ ನಾನು. ನಿವೃತ್ತನಾದ ಮೇಲೆ ಸುಮ್ಮನೆ ಮನೆಯಲ್ಲಿ ಕೂರಲಾರದೆ ಶಾಲಾ ಸಮಿತಿಯ ಕಾರ್ಯದರ್ಶಿಯೂ ಆದೆ. ಆದರೆ ಇದು ನನ್ನ ಕತೆಯಲ್ಲ. ಆ ಶಾಲೆಯನ್ನು ನಲವತ್ತೊಂದು ವರ್ಷ ನೋಡಿಕೊಂಡ ಬಡಗಿ ಉಮ್ಮರಾಕನ ಕತೆ.

ಮಲಾಯದ ಪಿನಾಂಗಿನಲ್ಲಿ ವ್ಯಾಪಾರ ಮಾಡಿ ಮರಳಿದ ಬಾವಾ ಹಾಜಿ ಎಂಬವರು ನೂರು ವರ್ಷದ ಹಿಂದೆ ಕಟ್ಟಿಸಿದ ಶಾಲೆ ಅದು. ಆಗ ಇಂಗ್ಲಿಷರ ಕಾಲ. ಶಾಲೆಗೆ ಮಂಜೂರಾತಿ ಸಿಗಬೇಕಾದರೆ ದೊರೆಗಳ ಕಣ್ಣಿಗೆ ಹಿಡಿಸಬೇಕು. ಹಾಗಾಗಿ ಮುಂಭಾಗವನ್ನು ಹಾಜಿಯವರು ದೊರೆಗಳ ಕಚೇರಿಯಂತೆಯೇ ಕಟ್ಟಿಸಿದರು: ಕೆಂಪುಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ, ಸಾಲು ಕಮಾನು, ಆನೆ ಹೊಗಬಹುದಾದ ಬಾಗಿಲು. ಕಮಾನು ದಾಟಿದರೆ ಬೇರೆಯೇ ದೇಶ. ತರಗತಿಗಳ ಇಡೀ ಸಾಲು ಆಳೆತ್ತರದ ಮರದ ಕಂಬಗಳ ಮೇಲೆ ನಿಂತಿತ್ತು. ಹಲಗೆಯ ನೆಲ. ಕಿಟಕಿಗಳು ನೆಲದಿಂದಲೇ ಶುರು. ಚಕ್ಕಳಮಕ್ಕಳ ಹಾಕಿ ಕೂತ ಮಕ್ಕಳ ಮುಖಕ್ಕೆ ಹೊಳೆಯ ಗಾಳಿ ಬಡಿಯಲಿ ಎಂದು. ಗೋಡೆಯ ಮೇಲಂಚಿನಲ್ಲಿ ಹೂಬಳ್ಳಿ ಕೊರೆದ ಹಲಗೆ, ಅದರ ತೂತುಗಳಿಂದ ಸೆಕೆ ಹೊರಗೆ ಹೋಗುತ್ತಿತ್ತು. ಕಡಿದಾದ ಮಲಾಯದ ಮಾಡಿಗೆ ನಮ್ಮದೇ ಮಂಗಳೂರು ಹಂಚು. ಎಪ್ಪತ್ತನಾಲ್ಕರ ನೆರೆಯಲ್ಲಿ ನೇತ್ರಾವತಿ ಈ ಶಾಲೆಯ ಅಡಿಯಿಂದಲೇ ಹಾದುಹೋದಳು, ಒಂದು ಪುಸ್ತಕವೂ ಒದ್ದೆಯಾಗಲಿಲ್ಲ ಎಂದು ಹಿರಿಯರು ಹೇಳುತ್ತಿದ್ದರು.

ಆ ಮರದ ಭಾಗದಲ್ಲಿ ಒಂದೇ ಒಂದು ಕಬ್ಬಿಣದ ಮೊಳೆ ಇರಲಿಲ್ಲ. ಒಂದು ಮರದ ತುದಿ ಇನ್ನೊಂದರ ತೂತಿನೊಳಗೆ ಹೊಕ್ಕು, ಅದಕ್ಕೆ ಮರದ ಬೆಣೆ. ಅದಕ್ಕೆಂದೇ ಹಾಜಿಯವರು ಪಿನಾಂಗಿನಿಂದ ಒಬ್ಬ ಬಡಗಿಯನ್ನು ಹಡಗಿನಲ್ಲಿ ಕರೆತಂದಿದ್ದರಂತೆ. ಅವನ ಕೈಕೆಳಗೆ ದುಡಿದವರು ಉಮ್ಮರಾಕನ ಅಜ್ಜ. ಕೆಲಸ ಮುಗಿದು ಬಡಗಿ ತನ್ನ ದೇಶಕ್ಕೆ ಹೋದ. ಶಾಲೆಯ ಚಾಕರಿ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಉಮ್ಮರಾಕನಿಗೆ ಬಂತು.

ಏಪ್ರಿಲಿನಲ್ಲಿ ಶಾಲೆಗೆ ರಜೆ ಸಿಕ್ಕಿದ ಮರುದಿನವೇ ಉಮ್ಮರಾಕ ಏಣಿ ಹಾಕುತ್ತಿದ್ದರು. ಮೊದಲು ಹಂಚು ಕೈಯಾಡಿಸುವುದು, ಎಂದರೆ ಒಡೆದದ್ದನ್ನು ತೆಗೆದು ಬೇರೆ ಹೊದೆಸುವುದು. ಆಮೇಲೆ ಒಡೆದ ಗಾಜಿನ ಚೂರು ಹಿಡಿದು ಒಂದೊಂದು ಮರದ ಮೇಲಿನ ಹಳೆಯ ಕಪ್ಪನ್ನು ಹೆರೆದು ತೆಗೆಯುವುದು. ಕೊನೆಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು. ಗೆದ್ದಲು ಆ ಎಣ್ಣೆಯ ಹತ್ತಿರ ಸುಳಿಯುವುದಿಲ್ಲ. ಆದರೆ ಅದು ಮನುಷ್ಯನ ಚರ್ಮವನ್ನೂ ಬಿಡುವುದಿಲ್ಲ. ಮೇ ತಿಂಗಳಿಡೀ ಉಮ್ಮರಾಕನ ಅಂಗೈಯಲ್ಲಿ ಬೊಕ್ಕೆ. ಹೆಂಡತಿ ಹಫ್ಸ ತುತ್ತು ಮಾಡಿ ಬಾಯಿಗೆ ಇಡಬೇಕು.

“ಇವರು ಕಟ್ಟಿಕೊಂಡದ್ದು ನನ್ನನ್ನಾ ಶಾಲೆಯನ್ನಾ, ನೀವೇ ಕೇಳಿ ಮಾಷ್ಟ್ರೆ,” ಎಂದು ಹಫ್ಸ ನನ್ನ ಹತ್ತಿರ ದೂರುತ್ತಿದ್ದರು. ತಮಾಷೆಯಾಗಿ ಹೇಳಿದರೂ ಅದರಲ್ಲಿ ನೋವಿತ್ತು. ಉಮ್ಮರಾಕನ ತಮ್ಮಂದಿರು ಸೌದಿಯ ದಮ್ಮಾಮಿನಿಂದ ಎರಡು ಸಲ ವೀಸಾ ಕಳಿಸಿದ್ದರು. ಎರಡು ಸಲವೂ ಈ ಪುಣ್ಯಾತ್ಮ ಹೋಗಲಿಲ್ಲ. ಮಳೆಗಾಲದ ಮೊದಲು ಶಾಲೆಯ ಮಾಡು ಯಾರು ನೋಡುವುದು ಎಂಬುದೊಂದೇ ನೆಪ.

ಎರಡು ಸಾವಿರದ ಇಪ್ಪತ್ತಮೂರರಲ್ಲಿ ರಸ್ತೆ ಅಗಲ ಮಾಡುವ ನೋಟೀಸು ಬಂತು. ಶಾಲೆಯ ಜಾಗ ಪೂರ್ತಿ ಹೋಗುತ್ತದೆ. ಬದಲಿಗೆ ಗುಡ್ಡದ ಮೇಲೆ ಒಂದು ಜಾಗ. ನಾವೆಲ್ಲ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಉಮ್ಮರಾಕ ಒಬ್ಬರೇ ನಗುತ್ತಾ ಬಂದರು. ಕಲ್ಲಿನ ಕಮಾನು ಹೋದರೆ ಹೋಗಲಿ, ಮರದ ಶಾಲೆಯನ್ನು ಬಿಚ್ಚಿ ಗುಡ್ಡದ ಮೇಲೆ ಮತ್ತೆ ನಿಲ್ಲಿಸಬಹುದು, ಪಿನಾಂಗಿನವರು ಮನೆಯನ್ನೇ ಹಾಗೆ ಹೊತ್ತೊಯ್ಯುತ್ತಾರಂತೆ ಎಂದರು. ಸಮಿತಿಗೆ ಜೀವ ಬಂತು. ಹಳೆಯ ಮನೆಗಳನ್ನು ಬಿಚ್ಚಿ ಕೂಡಿಸುವುದರಲ್ಲಿ ಹೆಸರು ಮಾಡಿದ್ದ ಮೂಡುಬಿದಿರೆಯ ಶೋಧನ್ ಆಚಾರ್ಯನನ್ನು ಕರೆಸಿದೆವು.

ಶೋಧನ್ ಮಾಡನ್ನು ಒಂದು ಗಂಟೆ ನೋಡಿ, “ಬಿಚ್ಚುವ ಮೊದಲು ಎಲ್ಲ ಮರಕ್ಕೂ ನಂಬರ್ ಕೊರೆಯುವ. ಹತ್ತು ದಿನ ಬೇಕು,” ಎಂದ.

ಉಮ್ಮರಾಕನಿಗೆ ಅವಮಾನವಾಯಿತು. “ನಂಬರ್ ಯಾಕೆ? ಕೂಡಿಸುವಾಗಲೇ ಆ ಬಡಗಿ ಒಂದೊಂದು ಮರಕ್ಕೂ ಗುರುತು ಹಾಕಿದ್ದಾನೆ. ನಮ್ಮ ಅಜ್ಜ ಕಣ್ಣಾರೆ ನೋಡಿದ್ದು.”

“ಎಲ್ಲಿ ಉಂಟು? ನನಗೆ ಕಾಣುವುದಿಲ್ಲ.”

“ಮರಕ್ಕೆ ಮರ ಕೂಡುವ ಸಂದಿಯ ಒಳಗೆ ಉಂಟು. ಎಲ್ಲರಿಗೂ ಕಾಣುವ ಕಡೆ ಯಾರು ಹಾಕ್ತಾರೆ ಮಾರಾಯ? ಬಿಚ್ಚಿದ ಮೇಲೆ ನೋಡು.”

ಶೋಧನ್ ನನ್ನ ಕಡೆ ತಿರುಗಿದ. “ಮಾಷ್ಟ್ರೆ, ನೀವು ಹೇಳಿ.”

ರಸ್ತೆಯವರು ಕೊಟ್ಟದ್ದು ಹದಿನೈದೇ ದಿನ. ನನ್ನ ತಲೆಯಲ್ಲಿ ಇದ್ದದ್ದು ಆ ಗಡುವು ಮಾತ್ರ. “ಉಮ್ಮರಾಕನಿಗೆ ಗೊತ್ತಿಲ್ಲದ್ದು ಈ ಶಾಲೆಯಲ್ಲಿ ಏನುಂಟು? ಬಿಚ್ಚುವ,” ಎಂದೆ. ಆ ಮಾತನ್ನು ಹೇಳಿದ ನಾಲಗೆ ನನ್ನದು.

ಮೊದಲು ಮಾಡಿನ ಪಕ್ಕಾಸುಗಳು, ಹಂಚಿನ ಅಡಿಯ ಇಳಿಜಾರು ಮರಗಳು, ಇಳಿದವು. ಅವುಗಳಲ್ಲಿ ಗುರುತಿರಲಿಲ್ಲ. ಅವೆಲ್ಲ ಒಂದೇ ಅಳತೆ, ಗುರುತು ಬೇಡ, ತೊಲೆಗಳಲ್ಲಿ ಇರುತ್ತದೆ ಎಂದರು ಉಮ್ಮರಾಕ. ತೊಲೆಗಳು ಇಳಿದವು. ಸಂದಿಯೊಳಕ್ಕೂ ಎಣ್ಣೆ ಇಳಿದು ತುದಿಗಳು ಕಪ್ಪಗಾಗಿದ್ದವು. ಉಜ್ಜಿದರೆ ಕಾಣುತ್ತದೆ ಎಂದರು. ಹೊರಗೆ ಜೆಸಿಬಿ ಬಂದು ನಿಂತಿತ್ತು. ಉಜ್ಜಿ ನೋಡಲು ಯಾರಿಗೆ ಪುರುಸೊತ್ತು? ಮುನ್ನೂರಕ್ಕೂ ಹೆಚ್ಚು ಮರಗಳನ್ನು ಲಾರಿಗೆ ಹೇರಿ ಗುಡ್ಡದ ಮೇಲಿನ ತಗಡಿನ ಶೆಡ್ಡಿಗೆ ಸಾಗಿಸಿದೆವು. ಮರುದಿನ ಕಮಾನುಗಳು ನೆಲಕ್ಕುರುಳಿದವು.

ಶೆಡ್ಡಿನಲ್ಲಿ ಶೋಧನ್ ಸೀಮೆಎಣ್ಣೆಯ ಬಟ್ಟೆ ಹಿಡಿದು ಮೊದಲ ತೊಲೆಯ ತುದಿ ಉಜ್ಜಿದ. ಬರೀ ಮರ. ಎರಡನೆಯದು, ಹತ್ತನೆಯದು, ನಲವತ್ತನೆಯದು. ಮಧ್ಯಾಹ್ನದ ಹೊತ್ತಿಗೆ ಬಟ್ಟೆಯನ್ನು ಕೆಳಗಿಟ್ಟು ಹೊರಗೆ ಹೋಗಿ ನಿಂತ.

ಎರಡು ತಿಂಗಳು ಅವನೂ ಉಮ್ಮರಾಕನೂ ಒಂದೊಂದಾಗಿ ಜೋಡಿಸಿ ನೋಡಿದರು. ಕೂತದ್ದು ಹತ್ತೊಂಬತ್ತು ಸಂದಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ತೆಗೆದಿದ್ದ ಫೋಟೋಗಳಲ್ಲಿ ಎಲ್ಲ ಮರವೂ ಒಂದೇ ಕಪ್ಪು. ಬಲವಂತ ಮಾಡಿದಾಗ ಒಂದು ತೊಲೆ ಉದ್ದಕ್ಕೂ ಸೀಳಿತು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಶೋಧನ್ ತನ್ನ ಚೀಲ ಕಟ್ಟಿದ. “ಎಲ್ಲ ಕೈಯಲ್ಲಿ ಕೊರೆದದ್ದು ಮಾಷ್ಟ್ರೆ. ಒಂದರ ಜೋಡಿ ಇನ್ನೊಂದಕ್ಕೆ ಕೂರುವುದಿಲ್ಲ. ನನ್ನಿಂದ ಆಗುವುದಿಲ್ಲ,” ಎಂದು ಕೈಮುಗಿದು ಹೋದ. ಪಿನಾಂಗಿನ ಬಡಗಿ ಗುರುತನ್ನೇ ಹಾಕಿರಲಿಲ್ಲ, ಹಾಜಿಯವರಿಗೆ ಮೋಸ ಮಾಡಿದ್ದ ಎಂದು ಊರು ತೀರ್ಮಾನಿಸಿತು.

ಒಂದು ವಾರದ ಮೇಲೆ ಉಮ್ಮರಾಕ ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋದರು. ಮುಖ ಕಂಡು ನನಗೆ ಹೆದರಿಕೆಯಾಯಿತು. ಶಾಲೆಯಲ್ಲಿ ಗೋಡೆಗೆ ಒತ್ತಿ ನಿಂತಿದ್ದ ದೊಡ್ಡ ಕಪಾಟಿನ ಹಿಂದೆ ಇದ್ದ ಕಂಬವೊಂದನ್ನು ಅವರು ಪ್ರತ್ಯೇಕ ಇಟ್ಟಿದ್ದರು. ಕಪಾಟು ಅಡ್ಡವಿದ್ದುದರಿಂದ ಆ ಕಂಬದ ಒಂದು ಮಗ್ಗುಲಿಗೆ ಅವರ ಕೈ ಯಾವತ್ತೂ ಹೋಗಿರಲಿಲ್ಲ. ನನ್ನ ಬೆರಳು ಹಿಡಿದು ಅಲ್ಲಿ ಇಟ್ಟರು.

“ಮುಟ್ಟಿ ನೋಡಿ ಮಾಷ್ಟ್ರೆ.”

ಸಂದಿಯ ಹತ್ತಿರ, ಮರದ ಹೊರಮೈಯಲ್ಲೇ, ಮೂರು ನೇರ ಗೀರು, ಒಂದು ಓರೆ ಗೀರು.

“ಇದೇ ಆ ಬಡಗಿಯ ಗುರುತು. ಇಂಥದ್ದು ಎಲ್ಲ ಮರದಲ್ಲಿಯೂ ಇತ್ತು. ಶುರುವಿನ ವರ್ಷಗಳಲ್ಲಿ ಹೆರೆಯುವಾಗ ಗಾಜಿಗೆ ತಾಗ್ತಿತ್ತು. ಉಳಿ ಜಾರಿ ಆದ ಗಾಯ ಅಂತ ಗ್ರಹಿಸಿದೆ. ಚಂದ ಕಾಣಲಿ ಅಂತ ಅಲ್ಲಿ ಮತ್ತೂ ಎರಡು ಸಲ ಹೆರೆದು ನಯ ಮಾಡಿದೆ.” ತಮ್ಮ ಬೆರಳನ್ನೂ ಆ ಗೀರುಗಳ ಮೇಲೆ ಇಟ್ಟರು. “ಅಪ್ಪ ಹೆರೆಯುತ್ತಿರಲಿಲ್ಲ ಮಾಷ್ಟ್ರೆ. ಎಣ್ಣೆ ಮಾತ್ರ ಬಳಿಯುತ್ತಿದ್ದರು. ಹೆರೆದರೆ ಎಣ್ಣೆ ಚೆನ್ನಾಗಿ ಇಳೀತದೆ ಅಂತ ನಾನೇ ಶುರು ಮಾಡಿದ್ದು.”

ನಾನು ಹೇಳಿದ್ದು ಇಷ್ಟೇ: “ಇದನ್ನು ಯಾರಿಗೂ ಹೇಳುವುದು ಬೇಡ.” ಅವರನ್ನು ಉಳಿಸಲು ಹೇಳಿದೆನೋ, ನಂಬರ್ ಬೇಡ ಎಂದ ನನ್ನನ್ನು ಉಳಿಸಿಕೊಳ್ಳಲು ಹೇಳಿದೆನೋ, ಇವತ್ತಿಗೂ ಖಾತ್ರಿಯಿಲ್ಲ.

ಮರಗಳನ್ನು ಯಾರೋ ಹೋಟೆಲಿನವರು ಮೇಜು ಮಾಡಿಸಲು ಒಯ್ದರು. ಗುಡ್ಡದ ಮೇಲೆ ಕಾಂಕ್ರೀಟಿನ ಶಾಲೆ ಎದ್ದಿತು. ಕಿಟಕಿಗಳು ಮಕ್ಕಳ ತಲೆಗಿಂತ ಮೇಲೆ, ಗಾಳಿಗೆ ಫ್ಯಾನು. ಉಮ್ಮರಾಕ ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದರು. “ಕೈಗೆ ಈಗ ಏನೂ ಆಗಿಲ್ಲ. ಆದರೂ ಊಟಕ್ಕೆ ಕೈ ಹಾಕುವುದಿಲ್ಲ,” ಎಂದು ಹಫ್ಸ ಅತ್ತರು.

ಉದ್ಘಾಟನೆಯ ದಿನ ಉಮ್ಮರಾಕನಿಗೆ ಸನ್ಮಾನ ಎಂದು ಸಮಿತಿ ನಿಶ್ಚಯಿಸಿತು. ಅಭಿನಂದನ ಪತ್ರ ಬರೆಯುವ ಕೆಲಸ ನನ್ನದು. ಎರಡು ದಿನ ಮೊದಲು ಅವರು ನಮ್ಮ ಮನೆಗೆ ಬಂದು ಜಗಲಿಯಲ್ಲಿ ನಿಂತೇ ಹೇಳಿದರು: “ಸನ್ಮಾನ ಬೇಡ ಮಾಷ್ಟ್ರೆ. ಮಾಡಲೇಬೇಕು ಅಂತಾದರೆ ಆದದ್ದನ್ನು ಬರೆಯಿರಿ. ಎಲ್ಲರ ಎದುರು ಓದಿ. ಆ ಬಡಗಿಗೆ ಮೋಸಗಾರ ಅಂತ ಹೆಸರು ಬಂದಿದೆ.”

“ನೋಡುವ,” ಎಂದೆ. ಅಷ್ಟರಲ್ಲಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಆಗಿತ್ತು.

ಸಭೆಯಲ್ಲಿ ಅವರಿಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟು ಕೂರಿಸಿದರು. ನಾನು ಮೈಕಿನ ಮುಂದೆ ನಿಂತು ಓದಿದೆ: “ನಲವತ್ತೊಂದು ವರ್ಷ ಒಂದೊಂದು ಮರವನ್ನೂ ಹೆತ್ತ ಮಗುವಿನಂತೆ ಕಾಪಾಡಿದ ತಮ್ಮ ಈ ಕೈಗಳಿಗೆ...” ಉಮ್ಮರಾಕ ತಲೆಯೆತ್ತಿ ನನ್ನನ್ನೇ ನೋಡಿದರು. ಆದ ಸಂಗತಿ ಮುಂದೆ ಬರುತ್ತದೆ ಎಂದು ಕಾದರು. ಬರುವುದಿಲ್ಲ ಎಂದು ಗೊತ್ತಾದಾಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆನಂದಕ್ಕೆ ಅಳುತ್ತಿದ್ದಾರೆ ಎಂದುಕೊಂಡ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವವರೆಗೆ ಕಾದು, ನಾನು ಉಳಿದ ಸಾಲುಗಳನ್ನೂ ಓದಿ ಮುಗಿಸಿದೆ.