ಬಟ್ಟೆಯ ಮುಚ್ಚಿಗೆ

ನರಸಿಂಹರಾಜಪುರದ ಪೇಟೆಯಲ್ಲಿ ನಮ್ಮದು ಅಂಗಡಿಮನೆ. ರಸ್ತೆಗೆ ಮುಖ ಮಾಡಿದ ಕೋಣೆಯಲ್ಲಿ ಅಪ್ಪನ ಟೈಲರಿಂಗ್ ಅಂಗಡಿ, ಹಿಂದಿನ ಎರಡು ಕೋಣೆಗಳಲ್ಲಿ ಅಪ್ಪ, ಅಮ್ಮ ಮತ್ತು ನಾನು. ಎಡಗಡೆಗೆ ಒಂದು ಅಕ್ಕಿ ಅಂಗಡಿ. ನಡುವೆ ಗೋಡೆಯಿತ್ತು, ಆದರೆ ಮೇಲಿನ ಮಾಡು ಒಂದೇ. ಅಕ್ಕಿ ಅಂಗಡಿಯಲ್ಲಿ ಹೊಟ್ಟೆ ತುಂಬಿಸಿಕೊಂಡ ಇಲಿಗಳು ಸಂಸಾರ ಹೂಡಲು ನಮ್ಮ ಕಡೆ ಬರುತ್ತಿದ್ದವು.

ಹೆಂಚಿನ ಸಂದಿಯಿಂದ ಮಣ್ಣು, ಇಲಿಹಿಕ್ಕೆ ಎಲ್ಲ ಗಿರಾಕಿಗಳ ಬಟ್ಟೆಯ ಮೇಲೆ ಉದುರುತ್ತಿದ್ದುದರಿಂದ ಅಪ್ಪ ಒಂದು ಉಪಾಯ ಮಾಡಿದ್ದ. ಶಾಲೆಯ ಯೂನಿಫಾರಂ ಹೊಲಿದು ಉಳಿದ ನೀಲಿ, ಬಿಳಿ, ಖಾಕಿ ತುಂಡುಗಳನ್ನೆಲ್ಲ ಜೋಡಿಸಿ ಹೊಲಿದು, ಹೆಂಚಿನ ಕೆಳಗೆ ಮನೆಯ ಉದ್ದಗಲಕ್ಕೂ ಮುಚ್ಚಿಗೆಯ ಹಾಗೆ ಬಿಗಿದಿದ್ದ. ಉಳಿದವರ ಮನೆಯಲ್ಲಿ ಮರದ ಮುಚ್ಚಿಗೆ, ನಮ್ಮದು ಬಟ್ಟೆಯ ಮುಚ್ಚಿಗೆ. ಮಣ್ಣು ಬೀಳುವುದು ನಿಂತಿತು. ಆದರೆ ಅದರ ಮೇಲೆ ಏನೇ ಓಡಿದರೂ ಕೆಳಗಿನಿಂದ ಕಾಣುತ್ತಿತ್ತು. ಬಟ್ಟೆಯಲ್ಲಿ ಒಂದು ಸಣ್ಣ ತಗ್ಗು ಮೂಡಿ, ಆ ತಗ್ಗು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಸರನೆ ಹರಿದುಹೋಗುತ್ತಿತ್ತು.

ಆ ತಗ್ಗುಗಳನ್ನು ನೋಡಿ ಮೇಲಿರುವುದು ಯಾರೆಂದು ಹೇಳುವ ಆಟವನ್ನು ನನಗೆ ಕಲಿಸಿದವಳು ಅಕ್ಕ. ಒಡಹುಟ್ಟಿದವಳಲ್ಲ. ಅಪ್ಪನ ಅಂಗಡಿಯಲ್ಲಿ ಕೈಕೆಲಸಕ್ಕೆ ಬರುತ್ತಿದ್ದ ಹುಡುಗಿ. ಕಾಜಾ ಹಾಕುವುದು, ಹುಕ್ಕು ಕೂರಿಸುವುದು, ಸೀರೆಗೆ ಫಾಲ್ ಹೊಲಿಯುವುದು ಅವಳ ಕೆಲಸ. ಬೆಳಗಿನ ಬಸ್ಸಿಗೆ ಮುತ್ತಿನಕೊಪ್ಪದಿಂದ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಎರಡು ಸಾವಿರದ ಎರಡು ಮೂರರ ಸುಮಾರಿನ ಮಾತು. ಆಗ ನಾನು ಪಿಯುಸಿ, ಅವಳಿಗೆ ಇಪ್ಪತ್ತೈದು ಆಗಿದ್ದಿರಬೇಕು. ಅಪ್ಪ ಅಮ್ಮನನ್ನು ಅವಳು ಚಿಕ್ಕಪ್ಪ, ಚಿಕ್ಕಮ್ಮ ಎಂದೇ ಕರೆಯುತ್ತಿದ್ದಳು.

ಮಧ್ಯಾಹ್ನ ಊಟವಾಗಿ ಅಪ್ಪ ಮೆಷಿನ್ ನಿಲ್ಲಿಸಿ ಸ್ವಲ್ಪ ಅಡ್ಡಾಗುತ್ತಿದ್ದ. ಪಕ್ಕದ ಅಂಗಡಿಯೂ ಬಾಗಿಲು ಹಾಕಿರುತ್ತಿತ್ತು. ಸದ್ದಡಗಿದ ಕೂಡಲೇ ಮೇಲೆ ಓಡಾಟ ಶುರು. ನಾವಿಬ್ಬರೂ ಕತ್ತರಿಸುವ ಮೇಜಿನ ಕೆಳಗೆ ಚಾಪೆ ಹಾಸಿ, ತಲೆ ಮಾತ್ರ ಹೊರಗಿಟ್ಟು ಮಲಗಿ ಮೇಲೆ ನೋಡುತ್ತಿದ್ದೆವು. ಚುರುಕಾಗಿ ಹರಿದರೆ ಸುಂಡಿಲಿ. ನಿಂತು ನಿಂತು ಹೋದರೆ ಬಸುರಿ ಇಲಿ. ಎರಡು ತಗ್ಗು ಒಂದರ ಹಿಂದೊಂದು ಓಡಿದರೆ ಗಂಡ ಹೆಂಡಿರ ಜಗಳ ಎನ್ನುತ್ತಿದ್ದಳು. ಅವಳ ಊಹೆಗೆ ಸಿಗದಿದ್ದದ್ದು ಒಂದೇ ಒಂದು. ಅವಳು ಸಂಜೆ ಬಸ್ಸಿಗೆ ಹೊರಡುವ ಹೊತ್ತಿಗೆ ಕೆಲವು ದಿನ ಒಂದು ಭಾರದ ಹೆಜ್ಜೆ ಬರುತ್ತಿತ್ತು. ಬಟ್ಟೆ ತಟ್ಟೆಯಷ್ಟು ಅಗಲಕ್ಕೆ ಜಗ್ಗುತ್ತಿತ್ತು. ಅದಕ್ಕೆ ಅವಸರವೇ ಇರಲಿಲ್ಲ. ಅಪ್ಪ ಹೆಗ್ಗಣ ಅಂದ, ಅಮ್ಮ ಬೆಕ್ಕು ಅಂದಳು, ಅಕ್ಕಿ ಅಂಗಡಿಯವರು ಪುನುಗು ಬೆಕ್ಕು ಅಂದರು. ಅಕ್ಕ ಮಾತ್ರ ನೋಡದೆ ಹೆಸರಿಡಬಾರದು ಎಂದು ಅದನ್ನು ‘ದೊಡ್ಡದು’ ಎಂದಷ್ಟೇ ಕರೆದಳು.

ಇಲಿ ಬೋನಿಗೆ ಬಿದ್ದ ದಿನ ಮನೆಯಲ್ಲಿ ಕಷ್ಟ. ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿ ತಂತಿಯ ಬೋನು ಇಡುತ್ತಿದ್ದವಳು ಅಮ್ಮ. ಬಿದ್ದ ಇಲಿಯನ್ನು ಬೋನಿನ ಸಮೇತ ನೀರಿನ ಬಕೀಟಿನಲ್ಲಿ ಮುಳುಗಿಸುವ ಕೆಲಸ ಅಪ್ಪನದು. ಆ ಬೆಳಿಗ್ಗೆ ಅಪ್ಪ ತಿಂಡಿ ತಿನ್ನುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಕ್ಕ ಇದನ್ನು ಒಮ್ಮೆ ನೋಡಿದಳು. ಇನ್ನು ಮೇಲೆ ಬಿದ್ದದ್ದನ್ನು ತಾನೇ ತೆಗೆದುಕೊಂಡು ಹೋಗಿ ಊರಾಚೆ ಬಿಡುತ್ತೇನೆ ಎಂದಳು. ಅಪ್ಪ ಒಡನೆ ಒಪ್ಪಿಬಿಟ್ಟ. ಅಂದಿನಿಂದ ಅಡುಗೆಮನೆಯ ಹಲಗೆಯ ಮೇಲಿರುತ್ತಿದ್ದ ಬೋನನ್ನು ಸಂಜೆ ತೆಗೆದು, ಇಲಿ ಇದ್ದರೆ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. ಮರುದಿನ ಖಾಲಿ ಬೋನು ವಾಪಸ್ಸು ಬರುತ್ತಿತ್ತು.

ಒಂದು ಶನಿವಾರ ನಾನೂ ಅವಳ ಜೊತೆ ಹೋದೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜನೊಬ್ಬರು ಚೀಲದೊಳಗಿನ ಕಿಚಿಕಿಚಿ ಕೇಳಿ ಕೋಳಿಮರಿಯಾ ಎಂದು ವಿಚಾರಿಸಿದರು.

“ಅಲ್ಲ ಅಜ್ಜ, ಪೇಟೆ ನೆಂಟ್ರು. ನಮ್ಮೂರು ನೋಡ್ಕೊಂಡು ಹೋಗಕ್ಕೆ ಬಂದಿದಾರೆ” ಎಂದಳು ಅಕ್ಕ, ಮುಖದಲ್ಲಿ ನಗುವಿನ ಸುಳಿವೇ ಇಲ್ಲದೆ. ನನಗೆ ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿಕೊಂಡೆ.

ಅವಳ ಊರಿಗೆ ಒಂದು ನಿಲ್ದಾಣ ಮೊದಲೇ ಇಳಿದೆವು. ರಸ್ತೆಯ ಮೋರಿಯ ಪಕ್ಕ ಬಿದಿರಿನ ಮೆಳೆ ಇತ್ತು. ಬೋನನ್ನು ನೆಲಕ್ಕಿಟ್ಟು ಬಾಗಿಲೆತ್ತಿದಳು. ಇಲಿ ಹೊರಗೆ ಬರಲಿಲ್ಲ. ಮೂಲೆಗೆ ಒತ್ತಿಕೊಂಡು ಕೂತೇ ಇತ್ತು. ನಾನು ಬೋನು ಅಲ್ಲಾಡಿಸಲು ಹೋದೆ. ಅವಳು ಕೈ ಹಿಡಿದಳು.

“ಸುಮ್ನೆ ಕೂರೆ. ಬಾಗ್ಲು ತೆಗ್ದಿದೆ ಅಂತ ಅದಕ್ಕೂ ಗೊತ್ತಾಗ್ಬೇಕಲ್ಲ.”

ಮೋರಿಯ ಕಟ್ಟೆಯ ಮೇಲೆ ಎಷ್ಟು ಹೊತ್ತು ಕೂತೆವೋ. ಅವಳು ತನ್ನ ಅಕ್ಕನ ಮಗಳಿಗೆ ಹೊಲಿಯಬೇಕಾದ ಫ್ರಾಕಿನ ಬಗ್ಗೆ, ತನಗೊಂದು ಸ್ವಂತ ಮೆಷಿನ್ ಇದ್ದರೆ ಯಾವ ಜಾಗದಲ್ಲಿ ಇಡುತ್ತಿದ್ದಳು ಎನ್ನುವ ಬಗ್ಗೆ ಹೇಳುತ್ತಿದ್ದಳು. ನಾನು ಅಷ್ಟು ನೆಮ್ಮದಿಯಾಗಿ ಯಾರ ಪಕ್ಕದಲ್ಲಾದರೂ ಕೂತದ್ದು ಅದಕ್ಕೆ ಮೊದಲು ನೆನಪಿಲ್ಲ, ಆಮೇಲೂ ಕಡಿಮೆ. ಇಲಿ ಯಾವಾಗ ಹೋಯಿತೋ ಇಬ್ಬರೂ ನೋಡಲಿಲ್ಲ.

ಆ ವರ್ಷ ಮನೆಯಲ್ಲಿ ಸಣ್ಣಪುಟ್ಟ ಸಾಮಾನು ಕಾಣೆಯಾಗುತ್ತಿದ್ದವು. ಬಟ್ಟೆ ಸೋಪಿನ ತುಂಡು, ದೇವರ ಮುಂದಿನ ಬತ್ತಿ, ಒಂದು ಹಾಳೆ ಹುಕ್ಕು, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸು, ನನ್ನ ಜಡೆಯ ಟೇಪು. ಯಾರೂ ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ಮದುವೆಯ ಕಾಲ, ರವಿಕೆಗಳ ರಾಶಿ, ಯಾವುದು ಎಲ್ಲಿದೆ ಎಂದು ನೋಡಲು ಪುರುಸೊತ್ತಿರಲಿಲ್ಲ.

ಅದೇ ಸಮಯಕ್ಕೆ ಅಮ್ಮನಿಗೆ ಕಿವಿಯ ತೂತು ಹುಣ್ಣಾಯಿತು. ಓಲೆ ಬಿಚ್ಚಿ, ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯಲ್ಲಿ ಸುತ್ತಿ, ಅಡುಗೆಮನೆಯ ಹಲಗೆಯ ಮೇಲೆ ಒಂದು ಬಟ್ಟಲಿನಲ್ಲಿಟ್ಟಿದ್ದಳು. ಮರುದಿನ ಬಟ್ಟಲು ಇತ್ತು, ಹತ್ತಿಯೂ ಇಲ್ಲ, ಓಲೆಯೂ ಇಲ್ಲ. ಅದು ಅಮ್ಮನ ತಾಯಿ ಕೊಟ್ಟ ಓಲೆ. ಮನೆಯೆಲ್ಲ ಹುಡುಕಿ, ಒಲೆಯ ಬೂದಿ ಕೆದಕಿ, ಕಸದ ಗುಂಡಿಯನ್ನೂ ನೋಡಿದ ಮೇಲೆ ಅಮ್ಮ ನನ್ನನ್ನು ಕೇಳಿದಳು, ನಿನ್ನೆ ಈ ಹಲಗೆಗೆ ಯಾರು ಕೈ ಹಾಕಿದ್ದರು ಎಂದು.

ಅಕ್ಕ ಬೋನು ತೆಗೆದಳು ಎಂದೆ.

ಅದು ನಿಜ. ದಿನಾ ತೆಗೆಯುತ್ತಾಳೆ, ನಿನ್ನೆಯೂ ತೆಗೆದಳು, ಬೇರೇನೂ ಮುಟ್ಟಲಿಲ್ಲ, ನಾನು ಅಲ್ಲೇ ನಿಂತಿದ್ದೆ ಎನ್ನುವುದೂ ನಿಜ. ಆ ಉಳಿದ ಮಾತನ್ನು ನಾನು ಹೇಳಲಿಲ್ಲ. ಅಮ್ಮನ ಸಿಟ್ಟು ನನ್ನ ಕಡೆ ತಿರುಗದಿದ್ದರೆ ಸಾಕಿತ್ತೇನೋ. ಅಮ್ಮನ ಮುಖ ಬದಲಾದದ್ದು ಕಂಡರೂ ಸುಮ್ಮನಿದ್ದೆ. ಸೋಪು, ಹುಕ್ಕು, ಚಾಕ್‌ಪೀಸು, ಕಾಣೆಯಾದದ್ದೆಲ್ಲ ಅವಳ ಮನಸ್ಸಿನಲ್ಲಿ ಒಂದೇ ಸಾಲಿಗೆ ಬಂದು ನಿಂತಿರಬೇಕು.

ಅಪ್ಪ ನೂಲು ತರಲು ಶಿವಮೊಗ್ಗಕ್ಕೆ ಹೋಗಿದ್ದ ದಿನ ಅದು. ಅಮ್ಮ ಅಕ್ಕನನ್ನು ಗದರಲಿಲ್ಲ. ಮೆತ್ತಗೆ, ನಿನ್ನ ಚೀಲ ಒಂದ್ಸಲ ನೋಡು, ಬಟ್ಟೆಯ ಜೊತೆ ಗೊತ್ತಿಲ್ಲದೆ ಬಂದಿರಬಹುದು ಎಂದಳು. ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈಯಲ್ಲಿದ್ದ ರವಿಕೆಗೆ ಸೂಜಿ ಚುಚ್ಚಿಟ್ಟು ಎದ್ದಳು. ಕತ್ತರಿಸುವ ಮೇಜಿನ ಮೇಲೆ ಚೀಲ ಸುರಿದಳು. ಊಟದ ಡಬ್ಬಿ, ಬಾಚಣಿಗೆ, ಕೊಡೆ, ಅಪ್ಪ ಬೇಡವೆಂದು ಕೊಟ್ಟ ತುಂಡುಗಳಲ್ಲಿ ಹೊಲಿದ ಅಂಗೈಯಗಲದ ಫ್ರಾಕು. ಫ್ರಾಕಿನ ಒಳಗನ್ನೂ ತಿರುಗಿಸಿ ತೋರಿಸಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದೆ.

ಎಲ್ಲವನ್ನೂ ಮಡಚಿ ಚೀಲದೊಳಗೆ ಹಾಕಿ ಮತ್ತೆ ಕೂತಳು. ಉಳಿದಿದ್ದ ಎರಡು ರವಿಕೆಗಳ ಹುಕ್ಕು ಮುಗಿಸಿದಳು. ಆ ದಿನವೂ ಬೋನಿಗೆ ಒಂದು ಬಿದ್ದಿತ್ತು. ಅದನ್ನೂ ಎತ್ತಿಕೊಂಡು ಹೊರಟಳು. “ಬರ್ತೀನಿ ಚಿಕ್ಕಮ್ಮ” ಎಂದಳು, ದಿನದ ಹಾಗೆಯೇ.

ಮರುದಿನ ಬರಲಿಲ್ಲ. ಮೂರನೆಯ ದಿನ ಬೆಳಗಿನ ಬಸ್ಸಿನ ಕಂಡಕ್ಟರ್ ಅಂಗಡಿಯ ಮೆಟ್ಟಿಲ ಮೇಲೆ ಖಾಲಿ ಬೋನು ಇಟ್ಟು, ನಿಮ್ಮ ಹುಡುಗಿ ಕೊಟ್ಟಳು ಎಂದು ಹೇಳಿ ಹೋದ. ಅದು ತೊಳೆದ ಬೋನು. ಅಪ್ಪ ಏನಾಯಿತೆಂದು ನಮ್ಮಿಬ್ಬರನ್ನೂ ಕೇಳಿದ. ಅಮ್ಮ ಹೇಳಿದಳು. ಅಪ್ಪ ಆ ವಾರವೆಲ್ಲ ಮನೆಯೊಳಗೆ ಮಾತಾಡಲಿಲ್ಲ. ಕಾಜಾಗಳನ್ನು ತಾನೇ ಹಾಕಿದ, ಆಮೇಲೆ ನನಗೆ ಕಲಿಸಿದ. ನನ್ನ ಕಾಜಾಗಳು ವಕ್ರವಾಗುತ್ತಿದ್ದವು. ಮಧ್ಯಾಹ್ನ ಚಾಪೆ ಹಾಸಿ ಮಲಗಿದರೆ ಮುಚ್ಚಿಗೆಯ ಮೇಲೆ ಇಲಿಗಳು ಓಡುತ್ತಿದ್ದವು. ಯಾವುದು ಬಸುರಿ, ಯಾವುದು ಸುಂಡಿಲಿ ಎಂದು ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ದಸರಾ ರಜೆಯಲ್ಲಿ ಅಡುಗೆಮನೆಯ ಮೂಲೆಯಲ್ಲಿ ಮುಚ್ಚಿಗೆ ಹಲಸಿನಕಾಯಿಯ ಹಾಗೆ ಜೋತುಬಿತ್ತು. ವಾಸನೆಯೂ ಬರುತ್ತಿತ್ತು. ಅಪ್ಪ ಸ್ಟೂಲು ಹತ್ತಿ, ತನ್ನ ದೊಡ್ಡ ಕತ್ತರಿಯಿಂದ ಹೊಲಿಗೆಯ ಗುಂಟ ಬಟ್ಟೆ ಸೀಳಿದ. ಭತ್ತದ ಹೊಟ್ಟು, ಚಿಂದಿ, ಧೂಳು ದಬದಬನೆ ನೆಲಕ್ಕೆ ಬಿದ್ದವು. ಅದರ ಜೊತೆ ಹಲ್ಲಿನ ಗುರುತಿದ್ದ ಸೋಪಿನ ತುಂಡುಗಳು, ಬತ್ತಿಗಳು, ಹುಕ್ಕಿನ ಹಾಳೆ, ಚಾಕ್‌ಪೀಸಿನ ಚೂರು, ನನ್ನ ಟೇಪು. ಮೂವರೂ ನೋಡುತ್ತ ನಿಂತೆವು. ಅಮ್ಮ ಹೋಗಿ ಮೊರ ತಂದಳು. ನೆಲದಲ್ಲಿ ಕೂತು ಆ ಹೊಟ್ಟನ್ನೆಲ್ಲ ಅಕ್ಕಿ ಕೇರುವ ಹಾಗೆ ಕೇರಿದಳು. ಕಪ್ಪಾದ ಹತ್ತಿಯುಂಡೆಯೊಳಗೆ ಒಂದು ಓಲೆ ಸಿಕ್ಕಿತು. ಇನ್ನೊಂದು ಮೊರದ ಅಂಚಿನಲ್ಲಿ ಟಣ್ ಎಂದಿತು. ಎಣ್ಣೆಯ ಆಸೆಗೆ ಇಲಿ ಹತ್ತಿಯನ್ನು ಎಳೆದೊಯ್ದಿತ್ತು, ಒಳಗಿದ್ದದ್ದು ಜೊತೆಗೆ ಹೋಗಿತ್ತು.

ಓಲೆಗಳನ್ನು ಅಂಗೈಯಲ್ಲಿಟ್ಟುಕೊಂಡು ಅಮ್ಮ ಅಳಲು ಶುರುಮಾಡಿದಳು. ಅಪ್ಪ ಕತ್ತರಿ ಒರೆಸಿಟ್ಟು, ನಾಳೆ ಬೆಳಿಗ್ಗೆ ಮುತ್ತಿನಕೊಪ್ಪಕ್ಕೆ ಹೋಗುವುದು ಎಂದಷ್ಟೇ ಹೇಳಿದ.

ನಾವು ಹೋದಾಗ ಅಕ್ಕ ಜಗಲಿಯಲ್ಲಿದ್ದಳು. ಎದುರಿಗೆ ಒಂದು ಹಳೆಯ ಕಾಲು ಮೆಷಿನ್, ಅದರ ಮೇಲೆ ಯಾರದ್ದೋ ಲಂಗ. ಎದ್ದು ಚಾಪೆ ಹಾಸಿದಳು, ನೀರು ಬೆಲ್ಲ ತಂದಳು. ಅಮ್ಮ ಕೂರಲಿಲ್ಲ. ನಿಂತಲ್ಲೇ ಅವಳ ಎರಡೂ ಕೈ ಹಿಡಿದುಕೊಂಡಳು.

“ಓಲೆ ಸಿಕ್ತು. ಇಲಿ ಗೂಡಲ್ಲಿತ್ತು. ನಂದು ತಪ್ಪಾಯ್ತು ಮಾರಾಯ್ತಿ.”

ಅಕ್ಕ “ಸಿಕ್ತಲ್ಲ ಚಿಕ್ಕಮ್ಮ, ಸಾಕು ಬಿಡಿ” ಎಂದಳು. ನಾಳೆಯಿಂದ ಬಾ ಎಂದು ಅಪ್ಪ ಕರೆದ. ಊರಿನಲ್ಲೇ ಹೊಲಿಗೆ ಸಿಗುತ್ತಿದೆ, ತನ್ನ ಅಮ್ಮನಿಗೂ ಹುಷಾರಿಲ್ಲ ಎಂದು ಏನೇನೋ ಕಾರಣ ಕೊಟ್ಟಳು. ಒಂದೂ ಸುಳ್ಳಲ್ಲ, ಆದರೆ ಬಾರದಿರುವುದಕ್ಕೆ ಅವು ಕಾರಣವಲ್ಲವೆಂದು ನಮಗೂ ಗೊತ್ತಿತ್ತು. ಹೊರಡುವಾಗ ನನ್ನ ಕಡೆ ತಿರುಗಿ, ಮುಚ್ಚಿಗೆ ಬಿಚ್ಚಿದಾಗ ಆ ದೊಡ್ಡದು ಏನೆಂದು ಗೊತ್ತಾಯಿತಾ ಎಂದು ಕೇಳಿದಳು. ಇಲ್ಲ ಎಂದೆ. ಬೇರೆ ಹೇಳಬೇಕಾದ ಮಾತು ಹೇಳದೆ ಅಪ್ಪ ಅಮ್ಮನ ಹಿಂದೆ ಹೊರಟೆ.

ಆಮೇಲೆ ಅಪ್ಪ ಬಟ್ಟೆಯ ಮುಚ್ಚಿಗೆ ತೆಗೆದು ಶೀಟು ಹೊಡೆಸಿದ. ನಾನು ಡಿಗ್ರಿ ಮುಗಿಸಿ ಮದುವೆಯಾಗಿ ಶೃಂಗೇರಿಗೆ ಬಂದೆ. ಇಲ್ಲಿಯದು ತಾರಸಿ ಮನೆ. ಅಕ್ಕನಿಗೂ ಬಸರೀಕಟ್ಟೆಯ ಕಡೆ ಮದುವೆಯಾಯಿತೆಂದು ಯಾರಿಂದಲೋ ತಿಳಿಯಿತು. ನಮಗೆ ಕರೆಯೋಲೆ ಬಂದಿರಲಿಲ್ಲ.

ಏಳೆಂಟು ವರ್ಷಗಳ ನಂತರ, ತವರಿಗೆ ಹೋಗಲು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾಗ ಯಾರೋ ಹಿಂದಿನಿಂದ ಭುಜ ಮುಟ್ಟಿದರು. ಅವಳೇ. ಕೈಯಲ್ಲಿ ಆಸ್ಪತ್ರೆಯ ಚೀಟಿ, ಸೊಂಟದಲ್ಲಿ ಹೆಣ್ಣುಮಗು. ಸ್ವಲ್ಪ ದಪ್ಪವಾಗಿದ್ದಳು, ಮಾತು ಮಾತ್ರ ಅದೇ. ಚಿಕ್ಕಪ್ಪನ ಕಣ್ಣು ಹೇಗಿದೆ, ಚಿಕ್ಕಮ್ಮನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದಳು. ಎಸ್ಟೇಟಿನ ಕೂಲಿಮನೆಗಳ ಲೈನಿನ ಹೆಂಗಸರಿಗೆಲ್ಲ ತಾನೇ ಹೊಲಿದುಕೊಡುತ್ತೇನೆ ಎಂದಳು. ನಾನು ಅರ್ಧ ಕೇಳಿಸಿಕೊಳ್ಳುತ್ತಿದ್ದೆ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಎನ್ನಿಸಿತು.

“ಅಕ್ಕ, ಅವತ್ತು ನೀನು ಹಲಗೆಗೆ ಕೈ ಹಾಕಿದ್ದೆ ಅಂತ ಅಮ್ಮಂಗೆ ಹೇಳಿದ್ದು ನಾನು.”

ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

“ಗೊತ್ತಿತ್ತು ಕಣೆ. ಚೀಲ ಸುರಿದಾಗ ನೀನು ನನ್ನ ಮುಖ ನೋಡ್ಲೇ ಇಲ್ಲ.” ಆಸ್ಪತ್ರೆಯ ಚೀಟಿ ಮಡಚುತ್ತ ಮತ್ತೆ ಹೇಳಿದಳು. “ಚಿಕ್ಕಮ್ಮ ಕೇಳಿದ್ದು ಅಷ್ಟು ಬೇಜಾರಾಗ್ಲಿಲ್ಲ. ನೀನು ಬಂದು ಪಕ್ಕ ನಿಲ್ತೀಯ ಅಂತ ಕಾದೆ.”

ಅಷ್ಟರಲ್ಲಿ ಜೀಪಿನವನು ಬಸರೀಕಟ್ಟೆ ಬಸರೀಕಟ್ಟೆ ಎಂದು ಕೂಗತೊಡಗಿದ. ಆಗಲೇ ಎಂಟು ಹತ್ತು ಜನ ತುಂಬಿದ್ದರು. ಅವಳು ನನ್ನ ಕೆನ್ನೆ ಮುಟ್ಟಿ, ಬರ್ತೀನಿ ಎಂದು ಓಡಿದಳು. ಮಗುವನ್ನು ಒಳಗಿದ್ದ ಯಾರೋ ಎತ್ತಿಕೊಂಡರು, ಅವಳು ಹಿಂದಿನ ಕಂಬಿ ಹಿಡಿದು ಹತ್ತಿದಳು. ಜೀಪು ತಿರುವಿನಲ್ಲಿ ಮರೆಯಾದ ಮೇಲೆ, ಇಬ್ಬರ ಕೈಯಲ್ಲೂ ಮೊಬೈಲ್ ಇದ್ದರೂ ನಂಬರು ಕೇಳಲಿಲ್ಲವಲ್ಲ ಎಂದು ಹೊಳೆಯಿತು.

ಶೃಂಗೇರಿಯಿಂದ ಬಸರೀಕಟ್ಟೆ ದೂರವೇನಲ್ಲ. ಮರುವರ್ಷ ಒಂದು ಬೆಳಿಗ್ಗೆ, ಮನೆಯವರಿಗೆ ಪೇಟೆಗೆಂದು ಹೇಳಿ ಹೊರಟೆ. ಜಯಪುರದಲ್ಲಿ ಇಳಿದು, ಅಲ್ಲಿಂದ ಮುಂದಕ್ಕೆ ಹೋಗುವ ಜೀಪಿನ ಪಕ್ಕ ನಿಂತೆ. ಯಾವ ಎಸ್ಟೇಟು, ಯಾರ ಮನೆ ಎಂದು ಡ್ರೈವರ್ ಕೇಳಿದ. ಹೊಲಿಗೆ ಮಾಡುವವರ ಮನೆ ಎಂದೆ. ಅಲ್ಲಿ ಮೂರು ನಾಲ್ಕು ಜನ ಹೊಲಿಯುತ್ತಾರೆ, ಯಾರು ಬೇಕು ಎಂದ. ಹೆಸರು ಹೇಳಿದೆ, ಅವನಿಗೆ ಗೊತ್ತಿರಲಿಲ್ಲ. ಹತ್ತಿ ಹೋಗಿದ್ದರೆ ಹೇಗೋ ಹುಡುಕಬಹುದಿತ್ತು. ಜೀಪು ಹೊರಟಿತು, ನಾನು ನಿಂತೇ ಇದ್ದೆ. ಎದುರಿನ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು ವಾಪಸ್ಸು ಬಸ್ಸು ಹತ್ತಿದೆ.